ನಾವೆಲ್ಲ ಅಕ್ಕನಾದ ಸೋಮವಾರ

ಕಳೆದ ವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಪರದೆಯ ಮೇಲೆ ಬೆಂಗಳೂರಿನ ಹೆಡ್ಡಾಫೀಸಿನ ಸಂದೇಶವೊಂದು ಕೂತಿತ್ತು. ಇನ್ನು ಮುಂದೆ ನಿಮ್ಮ ಸೆಟ್ಟಿಂಗ್‌ಗಳು, ಲಾಗಿನ್‌ಗಳು ಸಂಜೆ ಯಂತ್ರ ಮುಚ್ಚಿದ ಮೇಲೂ ಉಳಿಯುತ್ತವೆ, ಮರುದಿನ ಮತ್ತೆ ಹೊಂದಿಸಿಕೊಳ್ಳಬೇಕಾಗಿಲ್ಲ, ಈ ಸೌಲಭ್ಯ ಒದಗಿಸಲು ಹರ್ಷಿಸುತ್ತೇವೆ ಎಂದು. ಹರ್ಷವೆಲ್ಲ ಬೆಂಗಳೂರಿನವರ ಪಾಲಿಗೇ ಬಿತ್ತು. ನಮ್ಮ ಆಫೀಸಿನಲ್ಲಿ ಎಲ್ಲರೂ ಒಂದು ಸಲ ಮೂಲೆಯ ಖಾಲಿ ಕುರ್ಚಿಯ ಕಡೆ ನೋಡಿ, ನೋಡಲೇ ಇಲ್ಲವೆಂಬಂತೆ ತಲೆ ತಗ್ಗಿಸಿದರು. ಅಕ್ಕನಿಗೆ ಫೋನ್ ಮಾಡಿ ತಿಳಿಸೋಣವೇ ಎಂದು ನಮ್ಮ ಟೀಮ್ ಲೀಡರು ಕೇಳಿದರು. ಮಾಡಿ ಸಾರ್ ಎಂದೆವು. ಅವರೂ ಮಾಡಲಿಲ್ಲ, ನಾವೂ ಮಾಡಲಿಲ್ಲ. ಮಾಡಿ ಏನು ಹೇಳುವುದು?

ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಒಂದು ದಿನ ನಮ್ಮೆಲ್ಲರ ಪರದೆಗಳ ಮೇಲೂ ಕುಣಿದು ಅವರು ಪಟ್ಟ ಪಾಡೇ ಸಾಕು. ಹೇಗೂ ನಾವು ಕರೆಯುತ್ತಿದ್ದುದು ಅಕ್ಕ ಎಂದೇ. ವಯಸ್ಸಿನಲ್ಲಿ ನನಗೆ ತಾಯಿಯಾಗಬೇಕಿತ್ತು. ಆದರೆ ಮೊದಲ ದಿನ ನಾನು ‘ಅಮ್ಮಾ’ ಎಂದಾಗ, ನಿಮ್ಮಮ್ಮ ಮನೇಲವ್ಳೆ, ಇಲ್ಲಿ ಹುಡುಕಬೇಡ ಎಂದಿದ್ದರು.

ನಮ್ಮ ಆಫೀಸು ಇರುವುದು ತಿಪಟೂರಿನಲ್ಲಿ, ಹಿಂದೆ ತೋಟದ ಸಾಹುಕಾರರೊಬ್ಬರು ಕಾಯಿ ತುಂಬಿಡುತ್ತಿದ್ದ ಕಟ್ಟಡದ ಮೇಲಂತಸ್ತಿನಲ್ಲಿ. ಆಗ ಇಲ್ಲಿ ಕಾಯಿಗಳನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವ ತನಕ ಮುಟ್ಟದೆ ಬಿಡುತ್ತಿದ್ದರಂತೆ. ಈಗ ನಮ್ಮನ್ನು ಹಾಕಿದ್ದಾರೆ. ಅಲ್ಲಾಡಿಸಿದರೆ ಗಡಗಡ ಎನ್ನುವ ಸದ್ದು ನನ್ನ ತಲೆಯಿಂದಲೂ ಬರುತ್ತದೆ ಎಂಬುದು ಲೀಡರ ಅಭಿಪ್ರಾಯ. ಕಿಟಕಿಗಳಿಗೆಲ್ಲ ಪ್ಲೈವುಡ್ ಬಡಿದಿದ್ದಾರೆ. ಆಸ್ಪತ್ರೆಗಳಿಂದ ಬಂದ ಕೈಬರಹದ ವಿಮಾ ಅರ್ಜಿಗಳ ಚಿತ್ರ ಪರದೆಯ ಒಂದರ್ಧದಲ್ಲಿ ಕಾಣುತ್ತದೆ, ಇನ್ನರ್ಧದಲ್ಲಿ ಅದನ್ನು ಕನ್ನಡದಲ್ಲಿ ಟೈಪು ಮಾಡುವುದು ನಮ್ಮ ಕೆಲಸ. ಯಾರದೋ ಮೂತ್ರಪಿಂಡದ ಕಲ್ಲು, ಯಾರದೋ ಮುರಿದ ಕಾಲು, ಎಲ್ಲ ಗುಟ್ಟಿನ ವಿಷಯ. ಆದ್ದರಿಂದ ಮೊಬೈಲು, ಪೆನ್ನು, ಚೂರು ಕಾಗದವನ್ನೂ ಒಳಗೆ ತರುವಂತಿಲ್ಲ. ಎಲ್ಲವನ್ನೂ ಕೆಳಗೆ ವಾಚ್‌ಮನ್ ಬಳಿಯ ಗೂಡಿನಲ್ಲಿಟ್ಟು, ಬರಿಗೈಯಲ್ಲಿ ಮೆಟ್ಟಿಲು ಹತ್ತಿ ಬರಬೇಕು.

ಯಂತ್ರವೂ ನಮ್ಮಂತೆಯೇ ಬರಿಗೈಯಲ್ಲಿ ಬರುತ್ತದೆ. ಮೇಜಿನ ಮೇಲೆ ನಮಗಿರುವುದು ಪರದೆ, ಕೀಲಿಮಣೆ ಮಾತ್ರ. ನಿಜವಾದ ಕಂಪ್ಯೂಟರ್ ಬೆಂಗಳೂರಿನಲ್ಲೆಲ್ಲೋ ಇದೆ. ಅಲ್ಲಿ ಟೆಂಪ್ಲೇಟ್ ಎಂಬುದೊಂದನ್ನು ಮಾಡಿಟ್ಟಿದ್ದಾರೆ. ಬೆಳಿಗ್ಗೆ ನಾವು ಗುಂಡಿ ಒತ್ತಿದರೆ ಅದರ ಒಂದೊಂದು ನಕಲು ಒಬ್ಬೊಬ್ಬರ ಪರದೆಗೆ ಬರುತ್ತದೆ, ಸಂಜೆ ಮುಚ್ಚಿದರೆ ನಕಲು ಅಳಿದುಹೋಗುತ್ತದೆ. ನಾವು ಟೈಪು ಮಾಡಿದ ಅರ್ಜಿ ಮಾತ್ರ ಬೇರೆ ಕಡೆ ಜೋಪಾನವಾಗಿರುತ್ತದೆ. ನಾವು ಮಾಡಿಕೊಂಡ ಅಕ್ಷರದ ಗಾತ್ರ, ಬಣ್ಣ, ಉಳಿಸಿಟ್ಟ ಲಾಗಿನ್ ಯಾವುದೂ ಇರುವುದಿಲ್ಲ. ಟೆಂಪ್ಲೇಟಿಗೆ ಅಕ್ಕ ಇಟ್ಟ ಹೆಸರು ಅಚ್ಚು. ಬೆಲ್ಲದ ಅಚ್ಚಿನ ಹಾಗೆ. ಸಂಜೆ ಕರಗ್ತದೆ, ಬೆಳಿಗ್ಗೆ ಮತ್ತೆ ಅದೇ ಆಕಾರಕ್ಕೆ ಬಂದು ಕೂತ್ಕತದೆ ಎನ್ನುತ್ತಿದ್ದರು.

ನಮ್ಮಂಥವರಿಗೆ ಇದೇನು ದೊಡ್ಡ ತೊಂದರೆಯಲ್ಲ. ನನಗಂತೂ ನಿನ್ನೆಯ ಗುರುತೇ ಇಲ್ಲದ ಯಂತ್ರ ಅಂದರೆ ಬಹಳ ಅನುಕೂಲ. ಅಕ್ಕನ ಕಥೆ ಬೇರೆ. ಅವರ ಕಣ್ಣಿಗೆ ಸಣ್ಣಕ್ಷರ ಹಿಡಿಯುತ್ತಿರಲಿಲ್ಲ. ಬಿಳಿ ಹಿನ್ನೆಲೆ ನೋಡಿದರೆ ನೀರು ಸುರಿಯುತ್ತಿತ್ತು. ಹುಡುಗಿಯಾಗಿದ್ದಾಗ ತುರುವೇಕೆರೆಯ ಟೈಪಿಂಗ್ ಶಾಲೆಯಲ್ಲಿ ಕನ್ನಡ ಟೈಪ್‌ರೈಟರ್ ಮೇಲೆ ಕಲಿತ ಕೈ ಅದು. ನಾವು ‘ಕ’ ಬೇಕಾದರೆ ಇಂಗ್ಲಿಷಿನ ಕೆ ಒತ್ತುವವರು. ಅವರ ಬೆರಳುಗಳಿಗೆ ಹಳೆಯ ಟೈಪ್‌ರೈಟರಿನ ಮನೆಗಳೇ ಬೇಕು. ಹೀಗಾಗಿ ದಿನಾ ಬೆಳಿಗ್ಗೆ ಬಂದು ಅಕ್ಷರ ದೊಡ್ಡದು ಮಾಡಬೇಕು, ಹಿನ್ನೆಲೆಗೆ ಅರಿಶಿನದ ಬಣ್ಣ ಕೊಡಬೇಕು, ಕೀಲಿಮಣೆ ಬದಲಾಯಿಸಬೇಕು, ಆಮೇಲೆ ಲಾಗಿನ್. ಕಾಗದವಿಲ್ಲದ ಕಾರಣ ಪಾಸ್‌ವರ್ಡನ್ನು ಹೊನ್ನವಳ್ಳಿಯಿಂದ ತಿಪಟೂರಿಗೆ ಬಸ್ಸು ನಿಲ್ಲುವ ಜಾಗಗಳ ಮೊದಲಕ್ಷರ ಪೋಣಿಸಿ ಮಾಡಿಕೊಂಡಿದ್ದರು. ಬಸ್ಸು ಎಂದಾದರೂ ಬೇರೆ ದಾರಿಯಲ್ಲಿ ಬಂದರೆ ಆ ದಿನ ಲಾಗಿನ್ ಆಗುತ್ತಿರಲಿಲ್ಲ.

ಇಷ್ಟೆಲ್ಲ ಮುಗಿಸುವುದರೊಳಗೆ ಉಳಿದವರು ಒಂದು ಕಂತೆ ಅರ್ಜಿ ಮುಗಿಸಿರುತ್ತಿದ್ದೆವು. ದಿನದ ಗುರಿ ಮುಟ್ಟದವರ ಹೆಸರು ತಿಂಗಳ ಕೊನೆಗೆ ಬೆಂಗಳೂರಿಗೆ ಹೋಗುತ್ತದೆ, ಹಾಗೆ ಪದೇ ಪದೇ ಹೋದ ಹೆಸರು ಮುಂದೆ ಇಲ್ಲಿರುವುದಿಲ್ಲ. ಅಕ್ಕನ ಹೆಸರು ಹೋಗತೊಡಗಿತ್ತು. ಕೈ ನಿಧಾನವೆಂದಲ್ಲ. ಒಮ್ಮೆ ಹೊಂದಿಸಿಕೊಂಡು ಕೂತರೆ ಅವರ ಕೀಲಿಮಣೆಯ ಸದ್ದು ತಗಡಿನ ಮೇಲೆ ಮಳೆ ಸುರಿದ ಹಾಗೆ. ಬೆಳಗಿನ ಆ ಹೊತ್ತೇ ಅವರನ್ನು ತಿನ್ನುತ್ತಿದ್ದುದು.

ಯಂತ್ರ ತೆರೆಯುವಾಗ ಅವರು ಅದರೊಂದಿಗೆ ಮಾತಾಡುತ್ತಿದ್ದರು. ಮೊದಲು ಸೆರಗಿನ ತುದಿಯಲ್ಲಿ ಕೀಲಿಮಣೆ ಒರೆಸುವುದು, ಬೆರಳಿನ ನೆಟಿಗೆ ಮುರಿಯುವುದು, ಆಮೇಲೆ, ‘ಬಂದ್ಯಾ? ನಾನ್ಯಾರು ಗೊತ್ತಾಯ್ತಾ? ಗೊತ್ತಾಗ್ಲಿಲ್ವಾ? ಹೋಗ್ಲಿ ಬುಡು.’ ಇಡೀ ಆಫೀಸಿನಲ್ಲಿ ಇದನ್ನು ಅನುಕರಿಸಲು ನನ್ನನ್ನು ಬಿಟ್ಟರೆ ಇಲ್ಲ. ಎಲ್ಲರ ದನಿಯನ್ನೂ ಕದಿಯುವುದು ನನ್ನ ಚಟ, ಸ್ವಂತದ್ದು ಅಷ್ಟೇನೂ ಚೆನ್ನಾಗಿಲ್ಲದಿರುವುದೇ ಕಾರಣ. ಒಂದು ಮಧ್ಯಾಹ್ನ ಕೆಳಗಿನ ಟೀ ಅಂಗಡಿಯಲ್ಲಿ ಮಾಡಿ ತೋರಿಸುತ್ತಿದ್ದಾಗ ಅಕ್ಕ ಹಿಂದೆಯೇ ನಿಂತಿದ್ದರು. ಎಲ್ಲರ ನಗೆ ನಿಂತಿತು. ಅವರು ಟೀ ಲೋಟ ಎತ್ತಿಕೊಂಡು, ‘ಇನ್ನೊಂಚೂರು ಮೂಗಲ್ಲಿ ಅನ್ಬೇಕು ಕಣೋ. ನಂದು ನೆಗಡಿ ದನಿ’ ಎಂದರು. ತಿದ್ದಿಕೊಂಡೆ.

ಸೆಟ್ಟಿಂಗ್ ಉಳಿಸಿಕೊಡಿ ಎಂದು ಕೇಳಲು ದಾರಿ ಇರಲಿಲ್ಲವೆಂದಲ್ಲ. ದಾರಿ ಇತ್ತು, ಅದು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತಿತ್ತು. ವಿನಂತಿಯ ಪುಟಕ್ಕೆ ಹೋದರೆ ಮೊಬೈಲಿಗೆ ಓಟಿಪಿ ಬರುತ್ತದೆ. ಮೊಬೈಲು ಕೆಳಗಿನ ಗೂಡಿನಲ್ಲಿದೆ. ಇಳಿದು, ನೋಡಿ, ಹತ್ತಿ ಬರುವಷ್ಟರಲ್ಲಿ ಓಟಿಪಿ ಸತ್ತಿರುತ್ತದೆ. ಒಮ್ಮೆ ಅಕ್ಕನ ಪರವಾಗಿ ನಾನು ಓಡಿದೆ. ಅಂಕಿಗಳನ್ನು ಮಂತ್ರದಂತೆ ಜಪಿಸುತ್ತ ಬಂದವನು, ಬಾಗಿಲಲ್ಲಿ ಲೀಡರು ‘ಯಾಕ್ಲಾ ಏದುಸಿರು?’ ಎಂದದ್ದಕ್ಕೆ ಉತ್ತರ ಕೊಟ್ಟು ಕೊನೆಯ ಅಂಕಿ ಮರೆತೆ. ಮತ್ತೊಂದು ದಿನ ಕಣ್ಣು, ಕಿವಿ ಮುಚ್ಚಿಕೊಂಡವನಂತೆ ಓಡಿ ಬಂದು ಹೇಳಿದೆ, ವಿನಂತಿ ಹೋಯಿತು. ಸಂಜೆಯ ಹೊತ್ತಿಗೆ ಉತ್ತರವೂ ಬಂತು: ಒಪ್ಪಲಾಗಿದೆ, ನಾಳೆ ಇದೇ ಯಂತ್ರದಿಂದ ದೃಢೀಕರಿಸಿ.

ನಾಳೆ ಇದೇ ಯಂತ್ರ ಎಲ್ಲಿಂದ ಬರಬೇಕು? ಅದು ಸಂಜೆಗೇ ಅಳಿದಿತ್ತು. ಅಕ್ಕ ಆಫೀಸಿನ ಫೋನಿನಿಂದ ಬೆಂಗಳೂರಿನ ಸಪೋರ್ಟಿನವನಿಗೆ ಕರೆ ಮಾಡಿದರು. ಅವನದು ಪ್ರತಿ ಮಾತಿಗೂ ಹಿಂದೊಂದು ಮುಂದೊಂದು ಮ್ಯಾಮ್ ಕಟ್ಟುವ ದನಿ, ಮುಖ ಯಾರೂ ನೋಡಿಲ್ಲ. ಮ್ಯಾಮ್, ನಿನ್ನೆಯ ಯಂತ್ರದಿಂದಲೇ ದೃಢೀಕರಿಸಬೇಕು ಮ್ಯಾಮ್ ಎಂದ. ನಿನ್ನೇದು ತೀರ್ಕಂತಲ್ಲಪ್ಪ ಎಂದರು ಅಕ್ಕ. ತಿಥಿ ಮಾಡ್ಸಿ ಬರ್ಲಾ? ಅವನು ಸ್ವಲ್ಪ ಯೋಚಿಸಿ, ಹೊಸದಾಗಿ ವಿನಂತಿ ಹಾಕಿ ಮ್ಯಾಮ್ ಎಂದ. ಒಬ್ಬರಿಗೋಸ್ಕರ ಟೆಂಪ್ಲೇಟ್ ಮುಟ್ಟಲು ಬರುವುದಿಲ್ಲ ಎಂದೂ ಸೇರಿಸಿದ.

ಇಷ್ಟೊಂದು ಹಟ ಯಾಕಕ್ಕ, ಕೆಲಸ ಹೋದರೆ ಹೋಗಲಿ, ಮನೆಯಲ್ಲಿ ಆರಾಮಾಗಿರಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಮದುವೆಯಾಗದೆ ಉಳಿದ ಅವರು ತಮ್ಮನ ಸಂಸಾರದ ಜೊತೆ ಹೊನ್ನವಳ್ಳಿಯಲ್ಲಿದ್ದರು. ತಮ್ಮ ಕೆಟ್ಟವನಲ್ಲ, ಅವನ ಹೆಂಡತಿಯೂ ಕೆಟ್ಟವಳಲ್ಲ. ಆದರೆ ಬೆಳಿಗ್ಗೆ ಇವರು ಬಸ್ಸು ಹತ್ತಿದ ಮೇಲೆ ನೆಂಟರು ಬಂದರೆಂದು ಇವರ ಮಂಚ ಪಡಸಾಲೆಗೆ ಹೋಗಿರುತ್ತಿತ್ತು. ಟ್ರಂಕು ಅಟ್ಟ ಸೇರಿರುತ್ತಿತ್ತು. ಕನ್ನಡಿ ಮಕ್ಕಳ ಎತ್ತರಕ್ಕೆ ಇಳಿದಿರುತ್ತಿತ್ತು. ಸಂಜೆ ಹೋಗಿ ಕೇಳಿದರೆ, ಒಂದಿನಕ್ಕೆ ತಾನೆ ಅತ್ತಿಗೆ ಎನ್ನುತ್ತಿದ್ದಳಂತೆ ಆಕೆ. ಇದನ್ನು ಅಕ್ಕ ದೂರಿನಂತೆ ಹೇಳಲಿಲ್ಲ. ‘ಎಲ್ಲಾದ್ರೂ ಒಂದ್ಕಡೆ, ನಾನು ಇಟ್ಟಿದ್ದು ಇಟ್ಟಂಗೇ ಇರ್ಬೇಕು ಕಣಪ್ಪ. ಒಂದ್ಕಡೆ ಸಾಕು’ ಎಂದರು ಅಷ್ಟೆ. ನನಗೆ ಆಗ ಯಾರ ದನಿಯೂ ನೆನಪಾಗಲಿಲ್ಲ.

ಹೀಗಿರುವಾಗ ಒಂದು ಶನಿವಾರ ಹೊಸ ಮಾದರಿಯ ಅರ್ಜಿಗೆ ಬೇಕಾದ ತಂತ್ರಾಂಶವನ್ನು ಟೆಂಪ್ಲೇಟಿಗೆ ಸೇರಿಸುವುದಿತ್ತು. ನಮ್ಮಲ್ಲೇ ಪರೀಕ್ಷಿಸಿ ನೋಡಲೆಂದು ಬೆಂಗಳೂರಿನವರು ಆ ಮಧ್ಯಾಹ್ನದ ಮಟ್ಟಿಗೆ ಟೆಂಪ್ಲೇಟನ್ನೇ ಲೀಡರ ಪರದೆಗೆ ತೆರೆದುಕೊಟ್ಟರು. ತಪ್ಪಿಲ್ಲದೆ ಟೈಪು ಮಾಡುವವರು ಅಕ್ಕನೇ ಆದ್ದರಿಂದ ಲೀಡರು ಅವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಒಂದೆರಡು ಅರ್ಜಿ ಹೊಡೆದು ನೋಡಿ ಎಂದು ಹೇಳಿ ಟೀಗೆ ಹೋದರು. ನಮ್ಮ ಲೀಡರು ಟೀಗೆ ಹೋದರೆಂದರೆ ಬನ್ನು, ಬಾಳೆಹಣ್ಣು, ಊರ ರಾಜಕೀಯ ಎಲ್ಲ ಮುಗಿದ ಮೇಲೇ ಬರುವುದು.

ಇಷ್ಟು ದಿನ ಬೆಂಗಳೂರಿನಲ್ಲಿದ್ದ ಅಚ್ಚು ಅಕ್ಕನ ಎದುರಿಗೇ ಬಂದು ಕೂತಿತ್ತು. ಅವರು ಮಾಡಿದ್ದು ನಾವು ಹೊಸ ಮನೆಗೆ ಹೋದಾಗ ಪಕ್ಕದವರಿಗೆ ಮಾಡುವಂಥದ್ದೇ: ಪರಿಚಯ ಹೇಳಿಕೊಂಡರು. ಅಕ್ಷರ ದೊಡ್ಡದು ಮಾಡಿದರು, ಅರಿಶಿನದ ಬಣ್ಣ ಕೊಟ್ಟರು, ಟೈಪ್‌ರೈಟರ್ ಕೀಲಿಮಣೆ ಹಾಕಿದರು, ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ‘ನನ್ನನ್ನು ನೆನಪಿಡು’ ಎಂಬ ಚೌಕದಲ್ಲಿ ಗುರುತು ಹಾಕಿದರು, ಉಳಿಸಿದರು. ಒಂದು ಸಲ ಗುರುತು ಹೇಳಿಬಿಟ್ಟರೆ ಅದು ತನ್ನ ಕುರ್ಚಿಗೆ ಬಂದಾಗ ತನ್ನ ಗುರುತು ಹಿಡಿಯುತ್ತದೆ, ಬೇರೆಯವರ ಹತ್ತಿರ ಅವರವರಿಗೆ ತಕ್ಕ ಹಾಗೆ ಇರುತ್ತದೆ ಎಂಬುದು ಅವರ ಎಣಿಕೆ. ಮನುಷ್ಯರು ಹಾಗೆ ತಾನೆ ಇರುವುದು?

ಸೋಮವಾರ ಬೆಳಿಗ್ಗೆ ನಾನು ಯಂತ್ರ ತೆರೆದೆ. ಕಲ್ಯಾಣ ಮಂಟಪದ ಬೋರ್ಡಿನಷ್ಟು ದೊಡ್ಡ ಅಕ್ಷರದಲ್ಲಿ, ಅರಿಶಿನದ ನೆಲದ ಮೇಲೆ, ನಮಸ್ಕಾರ ಎಂದು ಅಕ್ಕನ ಹೆಸರು ಬಂತು. ಕಣ್ಣುಜ್ಜಿಕೊಂಡು ಪಕ್ಕಕ್ಕೆ ನೋಡಿದರೆ ಅಲ್ಲೂ ಅಕ್ಕ. ಎದುರು ಸಾಲಿನಲ್ಲೂ ಅಕ್ಕ. ಪರೀಕ್ಷೆಗೆಂದು ನನ್ನ ಹೆಸರು ಹೊಡೆದೆ, ಪರದೆಯ ಮೇಲೆ ಯಾವುದೋ ಕಾಡುಭಾಷೆ ಮೂಡಿತು. ಲೀಡರು ತಮ್ಮದನ್ನು ತೆರೆದರು, ಅವರೂ ಅಕ್ಕನೇ, ಮೀಸೆಯ ಅಕ್ಕ. ಆಮೇಲೆ ಆಫೀಸು ಹಿಡಿತಕ್ಕೆ ಸಿಗಲಿಲ್ಲ. ಅಕ್ಕಾ ಟೀ ಆಯ್ತಾ, ಆಯ್ತು ಕಣಕ್ಕ, ನಿಂದೂ ಆಯ್ತಾ ಅಕ್ಕ ಎಂದು ಗಡ್ಡದವರೆಲ್ಲ ಮಾತಾಡತೊಡಗಿದರು. ಅಂಥ ಹೊತ್ತಿಗೇ ಹುಟ್ಟಿದವನಂತೆ ನಾನು ಕುರ್ಚಿಯ ಮೇಲೆ ನಿಂತು, ಬೆರಳ ನೆಟಿಗೆ ಮುರಿದು, ಮೂಗಿನಲ್ಲಿ ‘ಬಂದ್ಯಾ? ನಾನ್ಯಾರು ಗೊತ್ತಾಯ್ತಾ?’ ಎಂದೆ.

ಅಕ್ಕ ಬಂದದ್ದು ಆಗ. ಬಸ್ಸು ತಡವಾಗಿತ್ತು. ನಮ್ಮ ಪರದೆಗಳನ್ನು ನೋಡುತ್ತ ನೋಡುತ್ತ ತಮ್ಮ ಮೂಲೆಗೆ ಹೋಗಿ ಕೂತು ಯಂತ್ರ ತೆರೆದರು. ಅದು ಅವರನ್ನು ಒಳಗೆ ಬಿಡಲಿಲ್ಲ. ನಿಮ್ಮ ಹೆಸರಿನಲ್ಲಿ ಈಗಾಗಲೇ ಮಿತಿ ತುಂಬುವಷ್ಟು ಜನ ಕೆಲಸ ಮಾಡುತ್ತಿದ್ದಾರೆ, ಇನ್ನೊಬ್ಬರಿಗೆ ಅವಕಾಶವಿಲ್ಲ ಎಂದಿತು. ಅಷ್ಟು ದೊಡ್ಡ ಅಕ್ಷರದಲ್ಲಿದ್ದ ಅದನ್ನು ನಾವೆಲ್ಲ ನಮ್ಮ ನಮ್ಮ ಜಾಗದಿಂದಲೇ ಓದಿದೆವು. ಅಲ್ಲಿದ್ದ ಪ್ರತಿಯೊಬ್ಬನೂ ಅಕ್ಕನಾಗಿದ್ದ, ಅಕ್ಕನೊಬ್ಬರನ್ನು ಬಿಟ್ಟು. ನಾನು ಕುರ್ಚಿಯಿಂದ ಇಳಿದೆ.

ಲೀಡರು ಬೆಂಗಳೂರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಸಪೋರ್ಟಿನವನು, ಈ ಹೆಸರಿನವರು ಯಾರು, ಅವರ ಜೊತೆ ಮಾತಾಡಬೇಕು ಎಂದ. ಲೀಡರಿಗೆ ಬೆವರು. ಟೆಂಪ್ಲೇಟ್ ತೆರೆದಿಟ್ಟು ಬನ್ನು ತಿನ್ನಲು ಹೋದವರು ತಾವೇ. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಾಗಿ, ‘ಲೇ, ನೀನೇ ಅಕ್ಕನ ಥರ ಮಾತಾಡ್ಬುಡು. ಏನೋ ಗೊತ್ತಿಲ್ದೆ ಆಯ್ತು ಅನ್ನು, ಮುಗ್ದೋಯ್ತದೆ’ ಎಂದರು. ನನ್ನ ಗಂಟಲು ಆಗಲೇ ಮೂಗಿಗೆ ಏರಿತ್ತು. ಅಷ್ಟರಲ್ಲಿ ಅಕ್ಕ ಎದ್ದು ಬಂದು ಫೋನ್ ತೆಗೆದುಕೊಂಡರು.

‘ನಾನೇ ಮಾಡಿದ್ದು ಕಣಪ್ಪ. ಬೇಕು ಅಂತ್ಲೇ ಮಾಡ್ದೆ, ಯಾರೂ ಹೇಳ್ಕೊಟ್ಟಿಲ್ಲ.’

‘ಯಾಕೆ ಮ್ಯಾಮ್?’

‘ಒಬ್ಳಿಗೆ ಮಾಡ್ಕೊಡಿ ಅಂದೆ. ಒಬ್ರಿಗೆ ಆಗಲ್ಲ ಅಂದ್ರಿ. ಅದಕ್ಕೆ ಎಲ್ರಿಗೂ ಆಗೋಯ್ತು.’

ಆ ಕಡೆ ಕೀಲಿಮಣೆ ಟಕಟಕ ಎಂದಿತು. ಆಮೇಲೆ, ಲೈನಲ್ಲೇ ಇರಿ ಮ್ಯಾಮ್ ಎಂದ. ಸಂಗೀತ ಶುರುವಾಯಿತು, ನಾವೆಲ್ಲ ನಿಂತುಕೊಂಡೇ ಕೇಳಿದೆವು.

ಮಧ್ಯಾಹ್ನದ ಹೊತ್ತಿಗೆ ಹಳೆಯ ಟೆಂಪ್ಲೇಟ್ ವಾಪಸ್ಸು ಬಂತು, ನಾವು ನಾವಾದೆವು. ಅಕ್ಕನಿಗೆ ಶಿಕ್ಷೆ ಏನೆಂದು ತಿಳಿಯಲು ಎರಡು ದಿನ ಕಾದೆವು. ಬಂದ ಆದೇಶವನ್ನು ಲೀಡರು ಎರಡು ಸಲ ಓದಿದರು, ನಂಬಿಕೆಯಾಗದೆ ನನ್ನಿಂದಲೂ ಓದಿಸಿದರು. ಈ ನೌಕರರು ಟೆಂಪ್ಲೇಟನ್ನು ಕೆಡಿಸುವ ಅಪಾಯವಿರುವುದರಿಂದ ಇವರನ್ನು ಅದರಿಂದ ಪೂರ್ತಿ ಬೇರ್ಪಡಿಸಿ, ಇವರಿಗೆಂದೇ ಪ್ರತ್ಯೇಕ ಯಂತ್ರ ಕೊಡಲಾಗಿದೆ. ಅದು ಯಾವುದರ ನಕಲೂ ಅಲ್ಲ. ಸಂಜೆ ಅಳಿಯುವುದಿಲ್ಲ. ಇವರು ಮಾಡಿದ್ದು ಇವರಲ್ಲೇ ಉಳಿಯಲಿ.

ಕೇಳಿದ್ದನ್ನೇ ಶಿಕ್ಷೆಯಾಗಿ ಕೊಟ್ಟಿದ್ದರು. ಮೊದಲ ದಿನ ಅಕ್ಕ ಎಲ್ಲ ಹೊಂದಿಸಿಕೊಂಡು ಕೆಲಸ ಮಾಡಿದರು. ಸಂಜೆ ಮುಚ್ಚುವಾಗ ಒಂದು ಪದವನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟರು. ಮರುದಿನ ಬೆಳಿಗ್ಗೆ ತೆರೆದಾಗ ಅರಿಶಿನದ ನೆಲದ ಮೇಲೆ ಆ ಅರ್ಧ ಪದ ಹಾಗೇ ಇತ್ತು, ಪಕ್ಕದಲ್ಲಿ ಗೆರೆ ಮಿಣುಕುತ್ತಿತ್ತು. ‘ಇಲ್ಲೇ ಐತಲ್ಲ ಕಣೋ’ ಎಂದು ನನ್ನನ್ನು ಕರೆದು ತೋರಿಸಿದರು. ಕೀಲಿಮಣೆ ಒರೆಸಲಿಲ್ಲ, ನೆಟಿಗೆ ಮುರಿಯಲಿಲ್ಲ. ಬಹಳ ಹೊತ್ತು ಆ ಪದವನ್ನು ಪೂರ್ತಿ ಮಾಡಲೂ ಇಲ್ಲ.

ಆ ಕೆಲವು ತಿಂಗಳು ಅಕ್ಕನನ್ನು ಹಿಡಿಯುವವರಿರಲಿಲ್ಲ. ಗುರಿ ಮುಟ್ಟಿ, ದಾಟಿ, ನನ್ನ ಪಾಲಿನದನ್ನೂ ಒಂದೆರಡು ಎಳೆದುಕೊಳ್ಳುತ್ತಿದ್ದರು. ಸೋಮಾರಿ ನನ್ಮಗ ಎಂದು ಪ್ರೀತಿಯಿಂದ ಬೈಯುತ್ತಿದ್ದರು. ನಾನೂ ಪ್ರೀತಿಯಿಂದ ಸೋಮಾರಿಯಾಗಿದ್ದೆ.

ಆದರೆ ಟೆಂಪ್ಲೇಟಿಗೆ ಹೊಸದೇನು ಸೇರಿಸಿದರೂ ಅದು ನಕಲುಗಳಿಗೆ ಮಾತ್ರ ಬರುತ್ತದೆ. ಅಕ್ಕನ ಯಂತ್ರ ನಕಲಲ್ಲ. ಹೊಸ ಮಾದರಿಯ ಅರ್ಜಿ ಅದರಲ್ಲಿ ತೆರೆಯಲಿಲ್ಲ. ಅದರ ಮುಂದಿನ ಮಾದರಿಯೂ ತೆರೆಯಲಿಲ್ಲ. ಕೇಳಿದರೆ ಸಪೋರ್ಟಿನವನು, ನಿಮ್ಮದನ್ನು ಬೇರ್ಪಡಿಸಿದೆಯಲ್ಲ ಮ್ಯಾಮ್, ಹೊರಗಿನದೇನೂ ಅದರೊಳಗೆ ಹೋಗುವಂತಿಲ್ಲ ಎಂದ. ಹಾಗಾಗಿ ಹಳೆಯ ಮಾದರಿಯ ಅರ್ಜಿಗಳಷ್ಟೇ ಅವರ ಪಾಲಿಗೆ ಬಂದವು, ಅವು ದಿನದಿಂದ ದಿನಕ್ಕೆ ಕಡಿಮೆಯಾದವು. ಅವು ಮುಗಿದ ದಿನ ಆ ಯಂತ್ರವನ್ನು ತೆಗೆದುಹಾಕುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ತಗಡಿನ ಮೇಲೆ ಮಳೆ ಸುರಿದಂತಿದ್ದ ಸದ್ದು ಸೂರಿನ ಹನಿಯಂತಾಯಿತು. ಒಂದು ಅರ್ಜಿ ಟೈಪು ಮಾಡಿ, ಮೊದಲಿನಿಂದ ಓದಿ, ಯಾರದೋ ಮುರಿದ ಕಾಲಿನ ಬಗ್ಗೆ ಲೊಚಗುಟ್ಟಿ, ಮತ್ತೊಮ್ಮೆ ಓದಿ ಕಳಿಸುತ್ತಿದ್ದರು. ಬಿಟ್ಟರೆ ಇನ್ನೊಂದು ಸಿಗುತ್ತದೋ ಇಲ್ಲವೋ ಎಂದು ಅದನ್ನೇ ಹಿಡಿದುಕೊಂಡು ಕೂರುತ್ತಿದ್ದರು.

ಲೀಡರು ಒಳ್ಳೆಯವರೇ. ಅಂದು ಫೋನಿನಲ್ಲಿ ಅಕ್ಕ ತಮ್ಮನ್ನು ಉಳಿಸಿದ್ದನ್ನು ಮರೆತಿರಲಿಲ್ಲ. ಬೆಂಗಳೂರಿನ ಕೈಕಾಲು ಹಿಡಿದು, ಅಕ್ಕ ಮತ್ತೆ ಟೆಂಪ್ಲೇಟಿಗೆ ಬರಬಹುದು ಎಂಬ ಒಪ್ಪಿಗೆ ತಂದರು. ಬೆಳಿಗ್ಗೆ ತಡವಾದರೆ ನಾನು ನೋಡ್ಕೊತೀನಿ, ಹೆಸರು ಕಳಿಸಲ್ಲ ಎಂದರು. ಹಳೆಯ ಅರ್ಜಿಗಳು ಮುಗಿದ ಮರುದಿನ ಅಕ್ಕ ಬಂದು ಅದೇ ಮೂಲೆಯ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದರು. ಬಿಳಿ ಹಿನ್ನೆಲೆ, ಸಾಸಿವೆಯಂಥ ಅಕ್ಷರ. ಕಣ್ಣಲ್ಲಿ ನೀರು ಬಂತು, ಅದು ಬಿಳಿ ಬಣ್ಣಕ್ಕೆ ಯಾವಾಗಲೂ ಬರುವ ನೀರೇ. ಸೆಟ್ಟಿಂಗ್ ತೆರೆಯಲು ಕೈ ಚಾಚಿದರು, ಅರ್ಧದಲ್ಲಿ ನಿಲ್ಲಿಸಿದರು.

‘ದಿನಾ ಬೆಳಿಗ್ಗೆ ಎದ್ದು ಬಂದು ನಾನ್ಯಾರು ಅಂತ ಇದಕ್ಕೆ ಹೇಳ್ಕೊಡಕ್ಕೆ ಇನ್ನ ನನ್ ಕೈಲಾಗಲ್ಲ ಸಾರ್’ ಎಂದರು ಲೀಡರಿಗೆ. ‘ಬತ್ತೀನಿ.’

ಲೀಡರು ಒಂದಷ್ಟು ಹೇಳಿ ನೋಡಿದರು. ಆಮೇಲೆ ನಿಯಮದಂತೆ, ಇವರು ಕೆಲಸ ಬಿಟ್ಟರೆಂದು ಬೆಂಗಳೂರಿಗೆ ತಿಳಿಸಿದರು. ಅಕ್ಕ ಎಲ್ಲರ ಬಳಿಗೂ ಬಂದು ಹೇಳಿ, ನನ್ನ ತಲೆಗೆ ಒಂದು ಮೊಟಕಿ ಬಾಗಿಲಿಗೆ ಹೋದರು. ನಮ್ಮ ಆಫೀಸಿನ ಬಾಗಿಲು ಒಳಗೆ ಬರಲಿಕ್ಕೂ ಹೊರಗೆ ಹೋಗಲಿಕ್ಕೂ ಅವರವರ ಕಾರ್ಡು ತೋರಿಸಿದರೆ ಮಾತ್ರ ತೆರೆಯುತ್ತದೆ. ಅಕ್ಕ ಕಾರ್ಡು ತೋರಿಸಿದರು, ಕೆಂಪು ದೀಪ. ಒರೆಸಿ ತೋರಿಸಿದರು, ಮತ್ತೆ ಕೆಂಪು. ಬೆಂಗಳೂರಿನವರು ಅಷ್ಟರಲ್ಲಾಗಲೇ ಅವರನ್ನು ತೆಗೆದುಹಾಕಿದ್ದರು.

‘ನೋಡ್ದಾ? ಮರೆಯೋದ್ರಲ್ಲಿ ಏನ್ ಚುರುಕು’ ಎಂದು ನನ್ನ ಕಡೆ ತಿರುಗಿ ನಕ್ಕರು.

ನಾನು ಎದ್ದು ಹೋಗಿ ನನ್ನ ಕಾರ್ಡು ತೋರಿಸಿದೆ. ನಿಂಗೇನೂ ತೊಂದ್ರೆ ಆಗಲ್ವಾ ಎಂದು ಕೇಳಿದರು. ಏನಾಗಲ್ಲ ಹೋಗಿ ಅಕ್ಕ ಎಂದೆ. ಹಸಿರು ದೀಪ ಹತ್ತಿತು. ಅವರು ಹೊರಗೆ ನಿಂತು ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲು ಇಳಿಯುವುದು ಕಾಣುವ ಮೊದಲೇ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಊಟದ ಹೊತ್ತಿಗೆ ಎಲ್ಲರ ಹಿಂದೆ ನಾನೂ ಹೊರಟು ಕಾರ್ಡು ತೋರಿಸಿದೆ. ಕೆಂಪು ದೀಪ. ಹೊರಗೆ ಹೋಗಿರುವವನು ಮತ್ತೆ ಹೊರಗೆ ಹೇಗೆ ಹೋಗುತ್ತಾನೆ? ಬಾಗಿಲಿನ ಪ್ರಕಾರ ನಾನು ಒಳಗೆ ಇರಲೇ ಇಲ್ಲ. ಅದರ ಲೆಕ್ಕದಲ್ಲಿ ನಾನು ಆಗಲೇ ಮೆಟ್ಟಿಲಿಳಿದು, ಬಸ್ ಸ್ಟ್ಯಾಂಡಿಗೆ ನಡೆದು, ಹೊನ್ನವಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಹಳ ಹೊತ್ತಾಗಿತ್ತು.